ಆಕಾನನ ಗುಟ್ಟು, ಪಾಳೆಯದ ಸೋಲು: ಯೆಹೋಶುವ 7ನೇ ಅಧ್ಯಾಯವನ್ನು ಕೂಟದಲ್ಲಿ ಓದಿಸುವ ಬಗೆ

ಇಸ್ರಾಯೇಲ್ಯರು ಗೆದ್ದ ಯೆರಿಕೋ ಪಟ್ಟಣದಲ್ಲಿ ದೇವರಿಗೆ ಮೀಸಲಾದದ್ದನ್ನು ಆಕಾನನೆಂಬವನು ಕದ್ದು ಬಚ್ಚಿಟ್ಟ; ಮುಂದೆ ಆಯಿ ಪಟ್ಟಣದ ಮೇಲೆ ಹೋದ ಅವರ ಸೈನ್ಯ ಸೋತಿತು. ಕದ್ದವನು ಒಬ್ಬ, ಸತ್ತವರು 36 ಮಂದಿ. ಯಾಕೆ? ಯೆಹೋಶುವನ ಪುಸ್ತಕದ 7ನೇ ಅಧ್ಯಾಯವನ್ನು ಗಮನವಿಟ್ಟು ಓದಿದ ಕೂಟದಲ್ಲಿ ಈ ಪ್ರಶ್ನೆ ಏಳಲೇಬೇಕು. ಏಳಲಿಲ್ಲವೆಂದರೆ ಓದು ಅವಸರದಲ್ಲಿ ಮುಗಿದಿದೆ.

ಮನೆಕೂಟ, ಯುವಜನರ ಕೂಟ, ಸ್ತ್ರೀಯರ ಕೂಟಗಳಲ್ಲಿ ಬೈಬಲ್ ಅಧ್ಯಯನ ನಡೆಸುವವರಿಗಾಗಿ ಈ ಲೇಖನ. ಈ ಅಧ್ಯಾಯ ಎರಡು ಕಡೆ ದಾರಿ ತಪ್ಪುತ್ತದೆ. "ಕಳ್ಳ ಸಿಕ್ಕಿಬಿದ್ದ, ಶಿಕ್ಷೆಯಾಯಿತು, ನಾವು ಕದಿಯಬಾರದು" ಎಂದು ಮಕ್ಕಳ ಕಥೆಯಂತೆ ಮುಗಿಸಿಬಿಡುವುದು ಒಂದು. ಇನ್ನೊಂದು ಇದಕ್ಕಿಂತ ಅಪಾಯದ್ದು: "ನಮ್ಮ ಸಭೆ ಬೆಳೆಯುತ್ತಿಲ್ಲ, ಅಂದರೆ ನಮ್ಮಲ್ಲೂ ಒಬ್ಬ ಆಕಾನ ಇದ್ದಾನೆ" ಎಂದು ಹುಡುಕಾಟಕ್ಕೆ ಹೊರಡುವುದು. ಎರಡನ್ನೂ ತಡೆಯುವಂತೆ ಓದನ್ನು ಹೇಗೆ ಜೋಡಿಸಬೇಕು ಎಂಬುದೇ ಮುಂದಿನ ವಿಷಯ. ಒಂದೂಕಾಲು ಗಂಟೆಯ ಎರಡು ಕೂಟ ಬೇಕಾಗುತ್ತದೆ. ಒಂದೇ ಕೂಟದಲ್ಲಿ ತುರುಕಿದರೆ ಆಕಾನನ ಮಕ್ಕಳ ಸಾವಿನ ಪ್ರಶ್ನೆ ಕೊನೆಯ ಐದು ನಿಮಿಷಕ್ಕೆ ಬೀಳುತ್ತದೆ. ಆಗ ಯಾರೋ ಒಂದು ಸುಲಭದ ಉತ್ತರ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸುತ್ತಾರೆ.

ಓದು 6:17ರಿಂದ ಶುರುವಾಗಲಿ

7:1ರಿಂದ ಆರಂಭಿಸಬೇಡಿ. ಯೆರಿಕೋವಿನ ಗೋಡೆ ಬೀಳುವ ಮೊದಲೇ ಯೆಹೋಶುವ ಕೊಟ್ಟ ಅಪ್ಪಣೆ 6:17-19ರಲ್ಲಿದೆ. ಅದನ್ನು ಗಟ್ಟಿಯಾಗಿ ಓದಿಸಿ. ಪಟ್ಟಣವೂ ಅದರಲ್ಲಿರುವುದೆಲ್ಲವೂ ಯೆಹೋವನಿಗೆ ಮೀಸಲು, ಯಾರೂ ಮುಟ್ಟುವಂತಿಲ್ಲ. ಇಸ್ರಾಯೇಲಿನ ಗೂಢಚಾರರನ್ನು ಕಾಪಾಡಿದ ರಾಹಾಬಳೂ ಅವಳ ಮನೆಯವರೂ ಮಾತ್ರ ಉಳಿಯಬೇಕು. ಬೆಳ್ಳಿ, ಬಂಗಾರ, ತಾಮ್ರ ಮತ್ತು ಕಬ್ಬಿಣದ ಸಾಮಾನುಗಳು ಯೆಹೋವನ ಭಂಡಾರಕ್ಕೆ ಸೇರಬೇಕು. ಆಕಾನ ಎತ್ತಿಕೊಂಡ ಬೆಳ್ಳಿ ಬಂಗಾರ ಯಾರೂ ದಿಕ್ಕಿಲ್ಲದ ಲೂಟಿಯ ಮಾಲಲ್ಲ. ಅದಕ್ಕೆ ಆಗಲೇ ಒಡೆಯನಿದ್ದ.

6:18ರ ಹತ್ತಿರ ಒಮ್ಮೆ ನಿಲ್ಲಿ. ಮೀಸಲಾದದ್ದನ್ನು ತೆಗೆದುಕೊಂಡರೆ ಇಸ್ರಾಯೇಲಿನ ಪಾಳೆಯವೇ ನಾಶಕ್ಕೆ ಗುರಿಯಾಗುತ್ತದೆ, ಅದಕ್ಕೆ ಆಪತ್ತು ತಂದಂತಾಗುತ್ತದೆ ಎಂದು ಅಲ್ಲಿ ಮುಂಚೆಯೇ ಹೇಳಿದೆ. ಒಬ್ಬ ಮುಟ್ಟಿದರೆ ಎಲ್ಲರಿಗೂ ತಟ್ಟುತ್ತದೆ ಎಂಬುದು ಸೋತ ಮೇಲೆ ಹುಡುಕಿದ ಕಾರಣವಲ್ಲ. ಎಲ್ಲರ ಕಿವಿಗೂ ಬಿದ್ದಿದ್ದ ಷರತ್ತು. ಧರ್ಮೋಪದೇಶಕಾಂಡ 7:26 ಇದರ ಬೇರು. ಹೇಯವಾದದ್ದನ್ನು ಮನೆಯೊಳಗೆ ತಂದವನು ತಾನೂ ಅದರಂತೆಯೇ ನಾಶಕ್ಕೆ ಗುರಿಯಾಗುತ್ತಾನೆ ಎನ್ನುತ್ತದೆ ಆ ವಚನ. ಈ ವಚನ ಎರಡನೇ ಕೂಟದಲ್ಲಿ ಮತ್ತೆ ಬೇಕಾಗುತ್ತದೆ, ಗುರುತು ಹಾಕಿಡಿ.

ಓದು 7:26ಕ್ಕೂ ನಿಲ್ಲಬಾರದು, ಕಡೇಪಕ್ಷ 8:2ರವರೆಗೆ ಹೋಗಲಿ. ಆಯಿ ಪಟ್ಟಣದ ಕೊಳ್ಳೆಯನ್ನೂ ದನಕುರಿಗಳನ್ನೂ ನೀವೇ ಇಟ್ಟುಕೊಳ್ಳಬಹುದು ಎಂದು ಯೆಹೋವನೇ ಅಲ್ಲಿ ಹೇಳುತ್ತಾನೆ. ಆಕಾನ ಇನ್ನೊಂದು ಪಟ್ಟಣದವರೆಗೆ ತಡೆದಿದ್ದರೆ ತನ್ನ ಪಾಲನ್ನು ಹಗಲು ಹೊತ್ತಿನಲ್ಲೇ ಹೊತ್ತುಕೊಂಡು ಬರಬಹುದಿತ್ತು. ಈ ಎರಡು ವಚನ ಬಿಟ್ಟುಹೋದರೆ, ಆಸ್ತಿಯನ್ನು ಆಸೆಪಡುವುದೇ ಪಾಪ ಎಂಬ ಪಾಠ ನುಸುಳಿಬಿಡುತ್ತದೆ.

ಯೆರಿಕೋವಿನ ಜನರೆಲ್ಲರ ಸಂಹಾರದ ಬಗ್ಗೆ ಯಾರಾದರೂ ಕೇಳಿದರೆ, ಅದು ಬೇರೆಯೇ ಕೂಟಕ್ಕೆ ತಕ್ಕ ಭಾರವಾದ ಪ್ರಶ್ನೆ ಎಂದು ಒಪ್ಪಿಕೊಂಡು ಬರೆದಿಟ್ಟುಕೊಳ್ಳಿ. ಎರಡು ಮಾತಿನಲ್ಲಿ ಸಮರ್ಥಿಸಿ ಮುಂದೆ ಹೋಗಬೇಡಿ.

ಯಾರಿಗೆ ಏನು ಗೊತ್ತಿತ್ತು

7:1ನ್ನು ಎರಡು ಸಲ ಓದಿಸಿ. ವಚನದ ಮೊದಲಲ್ಲಿ ದ್ರೋಹ ಮಾಡಿದವರು ಇಸ್ರಾಯೇಲ್ಯರು. ನಡುವೆ ತೆಗೆದುಕೊಂಡವನು ಆಕಾನ. ಅವನ ತಂದೆ ಕರ್ಮೀ, ಅಜ್ಜ ಜಬ್ದೀ, ಮುತ್ತಜ್ಜ ಜೆರಹ, ಕುಲ ಯೆಹೂದ. ಕೊನೆಯಲ್ಲಿ ಕೋಪ ಉರಿದದ್ದು ಮತ್ತೆ ಇಸ್ರಾಯೇಲ್ಯರ ಮೇಲೆ. ಬಹುವಚನ, ಏಕವಚನ, ಬಹುವಚನ. ಅಧ್ಯಾಯದ ಇಡೀ ಸಮಸ್ಯೆ ಈ ಒಂದೇ ವಚನದೊಳಗಿದೆ.

ಈಗ ಒಂದು ಹಾಳೆಯಲ್ಲಿ "ಗೊತ್ತಿದ್ದವರು", "ಗೊತ್ತಿಲ್ಲದವರು" ಎಂದು ಎರಡು ಪಟ್ಟಿ ಹಾಕಿಸಿ. ದೇವರಿಗೆ ಗೊತ್ತು, ಆಕಾನನಿಗೆ ಗೊತ್ತು, 7:1 ಓದಿದ ನಮಗೂ ಗೊತ್ತು. ಯೆಹೋಶುವನಿಗೆ, ಗೂಢಚಾರರಿಗೆ, ಹಿರಿಯರಿಗೆ ಗೊತ್ತಿಲ್ಲ. ಆಯಿಗೆ ಹೊರಟ ಸುಮಾರು 3,000 ಜನರಿಗೂ ಗೊತ್ತಿಲ್ಲ. ಆಕಾನನ ಹೆಂಡತಿ ಮಕ್ಕಳ ಹೆಸರು ಯಾವ ಪಟ್ಟಿಗೆ ಎಂಬಲ್ಲಿ ವಾದ ಹುಟ್ಟುತ್ತದೆ, ಹುಟ್ಟಲಿ. ಹೆಂಡತಿಯ ಮಾತನ್ನು ಅಧ್ಯಾಯ ಎತ್ತುವುದೇ ಇಲ್ಲ. ಮಕ್ಕಳಿಗೆ ತಿಳಿದಿತ್ತೋ ಇಲ್ಲವೋ ಎಂದೂ ಹೇಳುವುದಿಲ್ಲ. ಅವರ ಮುಂದೆ ಪ್ರಶ್ನೆಯ ಗುರುತು ಹಾಕಿ ಹಾಗೇ ಬಿಡಿ.

ಆಯಿಯ ಸೋಲು (7:2-5) ಬೋಧನೆಗಳು ಹೆಚ್ಚಾಗಿ ಜಾರುವ ಜಾಗ. ಜಂಬದಿಂದ ಕಡಿಮೆ ಜನರನ್ನು ಕಳಿಸಿದ್ದರಿಂದ, ಪ್ರಾರ್ಥನೆ ಮಾಡದೆ ಹೊರಟಿದ್ದರಿಂದ ಸೋತರು ಎಂದು ವಿವರಿಸುವುದು ರೂಢಿ. ಎರಡು ಮೂರು ಸಾವಿರ ಜನ ಸಾಕು ಎಂದು ಗೂಢಚಾರರು ಹೇಳಿದ್ದು ನಿಜ. ಯೆಹೋವನನ್ನು ಕೇಳಿದರೆಂದು ಎಲ್ಲೂ ಬರೆದಿಲ್ಲ, ಅದೂ ನಿಜ. ಆದರೆ 7:11-12ರಲ್ಲಿ ಯೆಹೋವನು ಕೊಡುವ ಕಾರಣದಲ್ಲಿ ಸೈನ್ಯದ ಲೆಕ್ಕವೂ ಇಲ್ಲ, ಪ್ರಾರ್ಥನೆಯ ಕೊರತೆಯೂ ಇಲ್ಲ. ಕದ್ದದ್ದು ಪಾಳೆಯದೊಳಗಿದೆ, ಅದನ್ನು ತೆಗೆಯುವವರೆಗೆ ನಾನು ನಿಮ್ಮ ಸಂಗಡ ಇರುವುದಿಲ್ಲ: ಇಷ್ಟೇ. ಪಠ್ಯ ಕೊಟ್ಟ ಕಾರಣವನ್ನು ಬಿಟ್ಟು ನಮಗೆ ಅನುಕೂಲವಾದದ್ದನ್ನು ಸೇರಿಸುವ ಚಾಳಿಯನ್ನು ಇಲ್ಲೇ ಕತ್ತರಿಸಿ.

ಸತ್ತ 36 ಮಂದಿಯ ವಿಷಯದಲ್ಲಿ ಸಮಯ ಉಳಿಸಬೇಡಿ. ಅವರ ಹೆಸರಿಲ್ಲ, ಕುಲ ಯಾವುದೆಂದು ಹೇಳಿಲ್ಲ, ಮುಂದೆ ಎಲ್ಲೂ ಅವರ ಸುದ್ದಿಯಿಲ್ಲ. ಊರಬಾಗಿಲಿನಿಂದ ಶೆಬಾರೀಮಿನವರೆಗೆ ಅಟ್ಟಿಸಿಕೊಂಡು ಹೋಗಿ ಇಳಿಜಾರಿನಲ್ಲಿ ಹೊಡೆದುಹಾಕಿದರು, ಅಷ್ಟೆ. ಪ್ರತಿಯೊಬ್ಬನಿಗೂ ಪಾಳೆಯದಲ್ಲಿ ಕಾಯುತ್ತಿದ್ದ ತಾಯಿಯೋ ಹೆಂಡತಿಯೋ ಇದ್ದಿರಬಹುದು. ತನ್ನವನು ಯಾಕೆ ಸತ್ತ ಎಂಬುದು ಆ ಮನೆಗಳಿಗೆ ಆ ರಾತ್ರಿ ತಿಳಿದಿರಲಿಲ್ಲ. ಯೆಹೂದಿ ಗುರುಗಳ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಒಬ್ಬ ರಬ್ಬಿ, ಸತ್ತವನು ನಿಜಕ್ಕೂ ಒಬ್ಬನೇ, ಮನಸ್ಸೆಯ ಮಗ ಯಾಯೀರ. ಅವನ ತೂಕ 71 ಜನರ ನ್ಯಾಯಸಭೆಯ ಬಹುಮತಕ್ಕೆ ಸಮ, ಅದಕ್ಕೇ "ಸುಮಾರು 36" ಎಂದಿದೆ ಎನ್ನುತ್ತಾನೆ. ಸರಳ ಓದಿಗೆ ಅದು ಒಗ್ಗುವುದಿಲ್ಲ. ಆದರೂ ಆ ಸಂಖ್ಯೆಯನ್ನು ಬರೀ ಸಂಖ್ಯೆಯಾಗಿ ಬಿಡಬಾರದೆಂಬ ಕಾಳಜಿ ಅದರಲ್ಲಿದೆ, ಆ ಕಾಳಜಿಯನ್ನು ಎತ್ತಿಕೊಳ್ಳಿ.

ಆರು ಕ್ರಿಯೆಗಳು, ನಾಲ್ಕು ಕ್ರಿಯೆಗಳು

ಯೆಹೋಶುವ ಸಂಜೆಯವರೆಗೆ ಯೆಹೋವನ ಮಂಜೂಷದ (ಪವಿತ್ರ ಪೆಟ್ಟಿಗೆಯ) ಮುಂದೆ ಬೋರಲು ಬಿದ್ದಿದ್ದಾಗ "ಏಳು" ಎಂಬ ಉತ್ತರ ಬರುತ್ತದೆ (7:10). ಪ್ರಾರ್ಥನೆಗೂ ಒಂದು ಹೊತ್ತು ಮುಗಿಯುತ್ತದೆ, ಅಲ್ಲಿಂದ ಮುಂದೆ ತನಿಖೆ ನಡೆಯಬೇಕು. ಇದನ್ನು ಹೇಳಿ 7:11ಕ್ಕೆ ಬನ್ನಿ.

7:11ರ ಕ್ರಿಯಾಪದಗಳನ್ನು ಒಂದರ ಕೆಳಗೊಂದು ಬರೆಸಿ: ಪಾಪ ಮಾಡಿದರು, ಒಡಂಬಡಿಕೆ ಮೀರಿದರು, ಮೀಸಲಾದದ್ದನ್ನು ತೆಗೆದುಕೊಂಡರು, ಕದ್ದರು, ಮೋಸ ಮಾಡಿದರು, ತಮ್ಮ ಸಾಮಾನಿನೊಳಗೆ ಇಟ್ಟುಕೊಂಡರು. ಆರೂ ಬಹುವಚನದಲ್ಲಿವೆ. ಪಕ್ಕದಲ್ಲೇ 7:21ರ ನಾಲ್ಕನ್ನು ಬರೆಸಿ: ಕಂಡೆ, ಆಶಿಸಿದೆ, ತೆಗೆದುಕೊಂಡೆ, ಬಚ್ಚಿಟ್ಟೆ. ಇವು ಆಕಾನನ ಬಾಯಿಂದಲೇ ಬಂದವು, ಏಕವಚನ. ದೇವರ ಲೆಕ್ಕವೂ ಆಕಾನನ ಲೆಕ್ಕವೂ ಒಂದೇ ಕೃತ್ಯದ್ದು. ಆಕಾನನ ಪಟ್ಟಿಯಲ್ಲಿ ಒಡಂಬಡಿಕೆ ಎಂಬ ಮಾತಿಲ್ಲ. ತಪ್ಪು ಮಾಡುವ ಹೊತ್ತಿಗೆ ಯಾರಿಗೂ ಅದು ಕಾಣುವುದಿಲ್ಲ. ಕಂಡು, ಆಶಿಸಿ, ತೆಗೆದುಕೊಳ್ಳುವ ಈ ಇಳಿಜಾರು ಆದಿಕಾಂಡ 3:6ರಲ್ಲಿ ಹವ್ವಳದ್ದೂ ಹೌದು, ಆಮೇಲೆ ಅಡಗಿಕೊಂಡದ್ದೂ ಅಲ್ಲಿದೆ.

ಕದ್ದ ಮಾಲಿನ ತೂಕ ಹೇಳಿಬಿಡಿ, ಇಲ್ಲದಿದ್ದರೆ ಜನ ಏನೋ ಚಿಲ್ಲರೆ ಕಳ್ಳತನ ಅಂದುಕೊಳ್ಳುತ್ತಾರೆ. ಒಂದು ಶೆಕೆಲ್ ಸುಮಾರು 11 ಗ್ರಾಂ. 200 ಶೆಕೆಲ್ ಬೆಳ್ಳಿ ಎಂದರೆ ಎರಡು ಕಿಲೋ ಮೀರುತ್ತದೆ. 50 ಶೆಕೆಲಿನ ಬಂಗಾರದ ಗಟ್ಟಿ ಅರ್ಧ ಕಿಲೋಗಿಂತ ಹೆಚ್ಚು. ಎತ್ತು ಹಾಯ್ದು ಸತ್ತ ದಾಸನಿಗೆ ವಿಮೋಚನಕಾಂಡ 21:32 ಗೊತ್ತುಮಾಡಿದ ಪರಿಹಾರ 30 ಶೆಕೆಲ್ ಬೆಳ್ಳಿ. ಬೆಳ್ಳಿಯೊಂದೇ ಅದರ ಆರು ಪಟ್ಟು ದಾಟುತ್ತದೆ. ಜೊತೆಗೆ ಶಿನಾರಿನ, ಅಂದರೆ ಬಾಬೆಲ್ ಸೀಮೆಯ, ನಿಲುವಂಗಿ. ಅದನ್ನು ಉಟ್ಟು ಅವನು ಪಾಳೆಯದಲ್ಲಿ ಎಲ್ಲಿ ಓಡಾಡಬಹುದಿತ್ತು? ಎಲ್ಲವೂ ಡೇರೆಯ ನೆಲದೊಳಗೆ, ಬೆಳ್ಳಿ ಎಲ್ಲಕ್ಕಿಂತ ಕೆಳಗೆ. ಉಪಯೋಗಿಸಲಾಗದ ಐಶ್ವರ್ಯದ ಮೇಲೆ ಮನೆಮಂದಿ ಮಲಗಿ ಏಳುತ್ತಿದ್ದರು.

ತಪ್ಪಿತಸ್ಥನನ್ನು ಕಂಡುಹಿಡಿಯಲು ಚೀಟು ಬಿದ್ದ ಬಗೆಯಲ್ಲಿ (7:14-18) ನಾಲ್ಕು ಮೆಟ್ಟಿಲು ಗುರುತಿಸಿ: ಕುಲ, ಗೋತ್ರ, ಕುಟುಂಬ, ವ್ಯಕ್ತಿ. ಹಿಂದಿನ ದಿನವೇ "ನಾಳೆಗೆ ನಿಮ್ಮನ್ನು ಶುದ್ಧಪಡಿಸಿಕೊಳ್ಳಿ" ಎಂದು ಸಾರಿ ಆಗಿತ್ತು. ನಡುವೆ ಒಂದು ಇಡೀ ರಾತ್ರಿ ಇತ್ತು, ಬೆಳಿಗ್ಗೆ ಯೆಹೂದ ಕುಲ ಸಿಕ್ಕಾಗಲೂ ಬಾಯಿಬಿಡಬಹುದಿತ್ತು. ತಾನಾಗಿ ಬಂದಿದ್ದರೆ ಏನಾಗುತ್ತಿತ್ತು ಎಂದು ಪಠ್ಯ ಹೇಳುವುದಿಲ್ಲ, ನಾವೂ ಕ್ಷಮೆ ಸಿಕ್ಕೇ ಸಿಗುತ್ತಿತ್ತು ಎಂದು ಸೇರಿಸಬಾರದು. ಅವಕಾಶ ಇತ್ತು ಎಂಬಷ್ಟನ್ನು ಹೇಳಿದರೆ ಸಾಕು.

7:19ರಲ್ಲಿ ಯೆಹೋಶುವ ಅವನನ್ನು "ಮಗನೇ" ಎಂದು ಕರೆಯುತ್ತಾನೆ. ಮೂವತ್ತಾರು ಹೆಣ ಕಂಡ ನಾಯಕನ ಬಾಯಲ್ಲಿ ಆ ಮಾತು ಬಂದಿದೆ. ಅದಾದ ಮೇಲೆ 7:22: ತಪ್ಪೊಪ್ಪಿಗೆ ಕೇಳಿ ಅಷ್ಟಕ್ಕೇ ನಂಬಲಿಲ್ಲ, ಆಳುಗಳು ಡೇರೆಗೆ ಓಡಿ ಅಗೆದು ನೋಡಿ, ಹೇಳಿದ್ದೆಲ್ಲ ಹೇಳಿದ ಜಾಗದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡರು. ಮೃದುವಾದ ಮಾತು, ಗಟ್ಟಿಯಾದ ಪರಿಶೀಲನೆ, ಎರಡೂ ಜೊತೆಗಿವೆ. ಮೊದಲ ಕೂಟವನ್ನು ಇಲ್ಲಿಗೆ ನಿಲ್ಲಿಸಿ.

ಎರಡನೇ ಕೂಟ: ಮಕ್ಕಳು ಮಾಡಿದ ತಪ್ಪೇನು

7:24-26 ಓದಿದ ಕೂಡಲೇ ಮಾತನಾಡಬೇಡಿ. ಗಂಡುಮಕ್ಕಳು, ಹೆಣ್ಣುಮಕ್ಕಳು, ಎತ್ತು, ಕತ್ತೆ, ಕುರಿ, ಡೇರೆ ಎಲ್ಲವನ್ನೂ ಆಕೋರಿನ ತಗ್ಗಿಗೆ ಒಯ್ದರು. ಇದರ ಎದುರಿಗೆ ಧರ್ಮೋಪದೇಶಕಾಂಡ 24:16 ಓದಿಸಿ: ತಂದೆಯ ಪಾಪಕ್ಕಾಗಿ ಮಕ್ಕಳಿಗೆ ಮರಣಶಿಕ್ಷೆ ಆಗಬಾರದು. ಇದು ಕಾಗದದ ಮೇಲೆ ಉಳಿದ ನಿಯಮವಲ್ಲ. ಅಮಚ್ಯನೆಂಬ ಅರಸ ತನ್ನ ತಂದೆಯನ್ನು ಕೊಂದವರನ್ನು ಶಿಕ್ಷಿಸಿದಾಗ ಇದೇ ನಿಯಮ ನೋಡಿ ಅವರ ಮಕ್ಕಳನ್ನು ಬಿಟ್ಟ (2 ಅರಸುಗಳು 14:6). ಯೆಹೆಜ್ಕೇಲ 18:20 ಇದನ್ನೇ ಇನ್ನೂ ಬಿಚ್ಚಿ ಹೇಳುತ್ತದೆ.

ಹಾಗಾದರೆ ಇಲ್ಲಿ ನಡೆದದ್ದೇನು? ವಿವರಣೆಗಳು ಮುಖ್ಯವಾಗಿ ಮೂರು. ಡೇರೆಯೊಳಗೆ ಹೂತದ್ದು ಮನೆಯವರಿಗೆ ತಿಳಿಯದೆ ಇರಲಾರದು, ಅವರೂ ಸೇರಿಕೊಂಡಿದ್ದರು ಎಂಬುದು ಒಂದು. ಇದು ಊಹೆ, ಚಿಕ್ಕ ಮಕ್ಕಳಿಗೆ ಅನ್ವಯಿಸುವುದೂ ಇಲ್ಲ. ಧರ್ಮೋಪದೇಶಕಾಂಡ 7:26ರ ಪ್ರಕಾರ ಮೀಸಲಾದದ್ದು ಹೊಕ್ಕ ಮನೆಯೇ ನಾಶಕ್ಕೆ ಗುರಿಯಾಯಿತು, ಯೆರಿಕೋವಿಗೆ ಆದದ್ದು ಆಕಾನನ ಮನೆಗೂ ಆಯಿತು ಎಂಬುದು ಎರಡನೆಯದು. ಅಧ್ಯಾಯದ ತರ್ಕಕ್ಕೆ ಇದು ಹೆಚ್ಚು ಹತ್ತಿರ; ಎತ್ತು ಕತ್ತೆಗಳು ಯಾಕೆ ಎಂಬುದಕ್ಕೂ ಇದರಲ್ಲಿ ಉತ್ತರವಿದೆ. ಮಕ್ಕಳನ್ನು ಕೊಲ್ಲಲಿಲ್ಲ, ನೋಡಿ ಭಯಪಡಲೆಂದು ಕರೆತಂದರು ಎಂಬ ಯೆಹೂದಿ ರಬ್ಬಿಗಳ ಓದು ಮೂರನೆಯದು. ಅದಕ್ಕೆ ಇಂಬು ಕೊಡುವಂತೆ 7:25ರ ಹೀಬ್ರೂ ಪಾಠ "ಅವನನ್ನು" ಎಂದು ಶುರುವಾಗಿ "ಅವರನ್ನು", "ಅವುಗಳನ್ನು" ಎಂದು ಎರಡಕ್ಕೂ ಸಲ್ಲುವ ರೂಪಕ್ಕೆ ತಿರುಗುತ್ತದೆ. ಸುಟ್ಟದ್ದು ಯಾರನ್ನು, ಏನನ್ನು ಎಂಬುದಕ್ಕೆ ಅಲ್ಲಿ ಎಡೆಯಿದೆ. ಮೂರನ್ನೂ ಮುಂದಿಡಿ, ಕೈ ಎತ್ತಿಸಿ ಮತ ಹಾಕಿಸಬೇಡಿ. ಈ ವಚನಗಳ ಮುಂದೆ ಕಳವಳಗೊಂಡವನು ನಂಬಿಕೆಯಲ್ಲಿ ಕಡಿಮೆಯವನಲ್ಲ. ಅರಣ್ಯಕಾಂಡ 16:22ರಲ್ಲಿ ಮೋಶೆ ಆರೋನರೇ ಬೋರಲು ಬಿದ್ದು, ಒಬ್ಬನು ಪಾಪ ಮಾಡಿದರೆ ಸಮೂಹವೆಲ್ಲದರ ಮೇಲೆ ಕೋಪವೋ ಎಂದು ಕೇಳಿದ್ದಾರೆ. ಅದೇ ಪ್ರಕರಣದಲ್ಲಿ ದಂಗೆ ಎದ್ದ ಕೋರಹನ ಮಕ್ಕಳು ಸಾಯಲಿಲ್ಲ ಎಂದು 26:11 ಹೇಳುತ್ತದೆ.

ಇಲ್ಲಿಂದ ಮುಂದೆ ಮೂರು ಸಂಗತಿಗಳನ್ನು ಬಿಡಿಸಿ ಹೇಳುವುದು ಈ ಅಧ್ಯಯನದ ತಿರುಳು. ಇವು ಕಲಸಿಹೋದಾಗಲೇ ಅನಾಹುತವಾಗುವುದು.

ಒಂದು, ಪರಿಣಾಮ. ಸತ್ತ 36 ಮಂದಿಯನ್ನು ಅಧ್ಯಾಯ ಎಲ್ಲೂ ಅಪರಾಧಿಗಳೆಂದು ಹೆಸರಿಸಿ ಕರೆಯುವುದಿಲ್ಲ, ಆದರೂ ಪೆಟ್ಟು ಬಿದ್ದದ್ದು ಅವರಿಗೆ. ಇನ್ನೊಬ್ಬನ ತಪ್ಪಿನ ಫಲ ಉಣ್ಣುವುದಕ್ಕೂ ಆ ತಪ್ಪಿನ ದೋಷ ಹೊರುವುದಕ್ಕೂ ವ್ಯತ್ಯಾಸವಿದೆ. ಯೆಹೆಜ್ಕೇಲ 18 ನಿರಾಕರಿಸುವುದು ಎರಡನೆಯದನ್ನು.

ಎರಡು, ಮೌನದ ಪಾಲು. ಸಾಕ್ಷಿ ಹೇಳಲು ಕರೆ ಬಂದಾಗಲೂ ಕಂಡದ್ದನ್ನು, ತಿಳಿದದ್ದನ್ನು ಹೇಳದೆ ಇದ್ದವನು ದೋಷಿ ಎನ್ನುತ್ತದೆ ಯಾಜಕಕಾಂಡ 5:1. ಕದ್ದವನು ಒಬ್ಬನಾದರೂ ಗೊತ್ತಿದ್ದು ಸುಮ್ಮನಿದ್ದವರು ಹಲವರಿರಬಹುದು. ಇದು ಅವರದೇ ತಪ್ಪು, ಬೇರೆಯವರದ್ದಲ್ಲ.

ಮೂರು, ಯಾರದೆಂದು ತಿಳಿಯದ ತಪ್ಪಿಗೂ ಸಮುದಾಯ ಹೆಗಲು ಕೊಡುವುದು. ಧರ್ಮೋಪದೇಶಕಾಂಡ 21:1-9 ಇದಕ್ಕೆ ಅಪರೂಪದ ಉದಾಹರಣೆ, ನಮ್ಮ ಕೂಟಗಳಲ್ಲಿ ಅಷ್ಟಾಗಿ ಓದುವುದೂ ಇಲ್ಲ. ಹೊಲದಲ್ಲಿ ಹೆಣ ಸಿಕ್ಕಿತು, ಕೊಂದವನು ಗೊತ್ತಿಲ್ಲ. ಆಗ ಹಿರಿಯರೂ ನ್ಯಾಯಾಧಿಪತಿಗಳೂ ಬಂದು ಸುತ್ತಲ ಊರುಗಳಿಗೆ ದೂರ ಅಳೆಯಬೇಕು. ಹತ್ತಿರದ ಊರಿನ ಹಿರಿಯರು ನೊಗ ಹೊರದ ಕಡಸನ್ನು ಹರಿಯುವ ನೀರಿನ ಹಳ್ಳಕ್ಕೆ ಒಯ್ದು ಕುತ್ತಿಗೆ ಮುರಿದು, ಅದರ ಮೇಲೆ ಕೈತೊಳೆದು, ನಮ್ಮ ಕೈ ಈ ರಕ್ತ ಸುರಿಸಲಿಲ್ಲ, ನಮ್ಮ ಕಣ್ಣು ಕಾಣಲಿಲ್ಲ ಎಂದು ಹೇಳಿ ಕ್ಷಮೆ ಬೇಡಬೇಕು. ಯಾರನ್ನಾದರೂ ಹಿಡಿದು ತಂದು ತಪ್ಪು ಹೊರಿಸುವುದಲ್ಲ. ತಪ್ಪಿತಸ್ಥ ಸಿಗದಿದ್ದರೂ ಊರು ಮುಖ ತಿರುಗಿಸಿಕೊಂಡು ಹೋಗುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಆಕಾನನ ಅಧ್ಯಾಯದ ಪಕ್ಕ ಇಟ್ಟು ಓದಲು ಇದಕ್ಕಿಂತ ಒಳ್ಳೆಯ ಭಾಗ ಸಿಗುವುದು ಕಷ್ಟ.

ಸಮಯ ಉಳಿದರೆ ರಾಹಾಬಳನ್ನು ಹೋಲಿಸಿ. ಯೆಹೂದ ಕುಲದ ಆಕಾನ ನೆಲದಡಿ ಮಾಲು ಬಚ್ಚಿಟ್ಟು ಮನೆಯನ್ನು ಕಳೆದುಕೊಂಡ. ಕಾನಾನಿನ ರಾಹಾಬಳು ಮಾಳಿಗೆಯ ಮೇಲೆ ಅಗಸೆ ದಂಟಿನಡಿ ಜನರನ್ನು ಬಚ್ಚಿಟ್ಟು ಮನೆಯನ್ನು ಉಳಿಸಿಕೊಂಡಳು. ಒಬ್ಬರ ಗುಟ್ಟಿನ ಕೆಲಸ ಎಲ್ಲರಿಗೂ ತಟ್ಟುತ್ತದೆ ಎಂಬ ನಿಯಮ ಒಳ್ಳೆಯದಕ್ಕೂ ನಡೆಯುತ್ತದೆ. ಹೊಲ ಮಾರಿದ ಹಣದಲ್ಲಿ ಒಂದು ಪಾಲು ಬಚ್ಚಿಟ್ಟ ಅನನೀಯ ಸಪ್ಫೈರರನ್ನು (ಅಪೊಸ್ತಲರ ಕೃತ್ಯಗಳು 5) ಅದೇ ದಿನ ಎಳೆದು ತರಬೇಡಿ. ಹೊಲವೂ ಅದರ ಹಣವೂ ನಿನ್ನ ವಶದಲ್ಲೇ ಇತ್ತು ಎಂದು ಪೇತ್ರನೇ ಹೇಳುತ್ತಾನೆ, ಅಲ್ಲಿನ ತಪ್ಪು ಸುಳ್ಳು. ಎರಡನ್ನೂ ಒಂದೇ ಎಂದು ಓದಿದರೆ ಕಾಣಿಕೆ ಕಡಿಮೆ ಹಾಕಿದವರನ್ನು ಹೆದರಿಸುವ ಬೋಧನೆಯಾಗಿಬಿಡುತ್ತದೆ.

ಯೆಹೂದಿ ಗುರುಗಳ ಹಳೆಯ ನಿಯಮಸಂಗ್ರಹವಾದ ಮಿಷ್ನಾದ ಸನ್ಹೆದ್ರಿನ್ ಭಾಗ ಆಕಾನನನ್ನು ತಪ್ಪೊಪ್ಪಿಗೆಯ ಮಾದರಿಯಾಗಿ ಎತ್ತಿಕೊಳ್ಳುತ್ತದೆ: 7:25ರಲ್ಲಿ ಆಪತ್ತು "ಈ ದಿನ" ಎಂದಿದೆ, ಅಂದರೆ ಬರುವ ಲೋಕದಲ್ಲಿ ಅವನಿಗೆ ಪಾಲಿದೆ. ಹೋಶೇಯ 2:15 ಅದೇ ಆಕೋರಿನ ತಗ್ಗನ್ನು ನಿರೀಕ್ಷೆಯ ಬಾಗಿಲು ಮಾಡುತ್ತದೆ. ಯೆಶಾಯ 65:10ರಲ್ಲಿ ಅದು ದನಗಳು ಮಲಗುವ ಜಾಗ. ಅನ್ವಯಕ್ಕೆ ಹೋಗುವ ಮೊದಲೇ ಇವನ್ನು ಓದಿಸಿ.

ಅನ್ವಯ: ಏನು ಮಾಡಬಾರದು, ಏನು ಮಾಡಬೇಕು

ಸೋಲಿನಿಂದ ಪಾಪವನ್ನು ಊಹಿಸಬಾರದು. ಆಯಿಯ ಸೋಲಿಗೆ ಕಾರಣ ಇದು ಎಂದು ಹೇಳಿದ್ದು ಯೆಹೋವನು. ಯೆಹೋಶುವ ಲೆಕ್ಕ ಹಾಕಿ ಕಂಡುಕೊಂಡದ್ದಲ್ಲ. ಸಿಲೋವಾದ ಬುರುಜು ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ಪಾಪಿಗಳಲ್ಲ ಎನ್ನುತ್ತಾನೆ ಯೇಸು (ಲೂಕ 13:4-5). ಹುಟ್ಟುಕುರುಡನ ವಿಷಯದಲ್ಲಿ ಇವನ ಪಾಪವೂ ಅಲ್ಲ, ತಂದೆತಾಯಿಗಳದ್ದೂ ಅಲ್ಲ ಎನ್ನುತ್ತಾನೆ (ಯೋಹಾನ 9:3). ಮಗುವಿಗೆ ಕಾಯಿಲೆ, ಮಳೆ ಇಲ್ಲ, ಸಭೆಯಲ್ಲಿ ಜನ ಕಡಿಮೆ, ಇವಕ್ಕೆ "ಆಕಾನ ಯಾರು" ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಹಾಗೆ ಕೇಳಿದಾಗ ಬೆರಳು ಹೋಗುವುದು ವಿಧವೆಯ ಕಡೆಗೆ, ಹೊಸದಾಗಿ ಬಂದವರ ಕಡೆಗೆ, ಎದುರು ಮಾತಾಡಿದವರ ಕಡೆಗೆ. ಲೆಕ್ಕದ ಪುಸ್ತಕ ಇಟ್ಟುಕೊಂಡವರ ಕಡೆಗೆ ಹೋಗುವುದು ಅಪರೂಪ.

ಚೀಟು ಹಾಕುವುದು, ದರ್ಶನದಲ್ಲಿ ಹೆಸರು ಬಂತು ಎನ್ನುವುದು ತನಿಖೆಯಲ್ಲ. ಯೂದನ ಜಾಗಕ್ಕೆ ಚೀಟು ಹಾಕಿ ಮತ್ತೀಯನ ಆಯ್ಕೆಯಾದ ಮೇಲೆ (ಅಪೊಸ್ತಲರ ಕೃತ್ಯಗಳು 1:26) ಹೊಸ ಒಡಂಬಡಿಕೆಯ ಸಭೆ ಚೀಟು ಹಾಕಿದ ಮಾತು ಎಲ್ಲೂ ಇಲ್ಲ. ಉಳಿದಿರುವ ಕ್ರಮ ಎರಡು ಮೂರು ಸಾಕ್ಷಿಗಳದ್ದು (ಧರ್ಮೋಪದೇಶಕಾಂಡ 19:15) ಮತ್ತು ಮತ್ತಾಯ 18:15-17ರದ್ದು: ಒಬ್ಬನೇ ಹೋಗಿ ಮಾತಾಡು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ. ಹಣದ ಅನುಮಾನವಿದ್ದರೆ ಪ್ರಾರ್ಥನೆಯ ಜೊತೆಗೆ ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಹೊರಗಿನ ಲೆಕ್ಕಪರಿಶೋಧಕರು ಬೇಕು. ಡೇರೆಗೆ ಓಡಿದ ಆಳುಗಳ ಕೆಲಸ ಅದೇ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಮತ್ತಾಯ 18ರ ಹೆಸರಿನಲ್ಲಿ ಒಳಗೊಳಗೇ ರಾಜಿ ಮಾಡುವಂತಿಲ್ಲ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಸಭೆಯ ಮಾನ ಉಳಿಸಲು ಮುಚ್ಚಿಟ್ಟರೆ ಡೇರೆಯ ನೆಲ ಅಗೆದು ಹೂಳುವವರು ನಾವೇ ಆಗುತ್ತೇವೆ.

ಕೂಟದ ಕೊನೆಗೆ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಿ ಎಂದು ಒತ್ತಾಯಿಸಬೇಡಿ. ಆಕಾನ ಒಪ್ಪಿಕೊಂಡದ್ದು ತನಿಖೆ ಅವನವರೆಗೆ ಬಂದ ಮೇಲೆ, ಜವಾಬ್ದಾರಿಯ ನಾಯಕನ ಮುಂದೆ. ಭಾವಾವೇಶದಲ್ಲಿ ಹೇಳಿಬಿಟ್ಟದ್ದು ಮರುದಿನ ಊರ ಬಾಯಿಗೆ ಬೀಳುತ್ತದೆ. ಅದರಿಂದ ಹಾಳಾಗುವುದು ಹೆಚ್ಚಾಗಿ ಅವನ ಮನೆಯವರ ಬದುಕು. ಮಾತಾಡಬಯಸುವವರು ಯಾರ ಹತ್ತಿರ, ಯಾವಾಗ ಬರಬಹುದು ಎಂದು ಹೇಳಿ ಬಿಡಿ. ಕೇಳಿಸಿಕೊಳ್ಳುವವರು ಇಬ್ಬರಿರಲಿ, ಒಬ್ಬರು ಹೆಂಗಸಾಗಿರಲಿ. ಕಾನೂನಿಗೆ ತಿಳಿಸಬೇಕಾದ ಸಂಗತಿಯನ್ನು ಗುಟ್ಟಾಗಿ ಇಡಲಾಗದು ಎಂಬುದನ್ನು ಕೇಳಿಸಿಕೊಳ್ಳುವ ಮೊದಲೇ ತಿಳಿಸಿ.

ತೆಗೆದುಕೊಂಡದ್ದನ್ನು ಹಿಂದಿರುಗಿಸಲು ಯಾರಾದರೂ ಮುಂದೆ ಬಂದರೆ ಯಾಜಕಕಾಂಡ 6:1-5 ತೋರಿಸಿ: ಅಸಲು, ಅದರ ಮೇಲೆ ಐದನೇ ಒಂದು ಪಾಲು, ಕಳೆದುಕೊಂಡವನ ಕೈಗೇ. 10,000 ರೂಪಾಯಿ ತೆಗೆದಿದ್ದರೆ 12,000. ಕಳೆದುಕೊಂಡವನೂ ಇಲ್ಲ, ಹತ್ತಿರದ ಬಂಧುವೂ ಇಲ್ಲ ಎಂದಾಗ ಮಾತ್ರ ಅದು ಯೆಹೋವನಿಗೆ ಸೇರಿ ಯಾಜಕನ ಪಾಲಾಗುತ್ತದೆ (ಅರಣ್ಯಕಾಂಡ 5:8). ಹಾಗಾಗಿ ನೆರೆಯವನಿಂದ ತೆಗೆದದ್ದನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿಸಿಕೊಳ್ಳಬೇಡಿ. ಅವನ ಮನೆಗೆ ಜೊತೆಯಲ್ಲಿ ಹೋಗಿ, ಕೊಟ್ಟದ್ದಕ್ಕೆ ಇಬ್ಬರು ಸಾಕ್ಷಿಗಳ ಸಹಿಯ ಒಂದು ಚೀಟಿ ಮಾಡಿಸಿ. ಸಭೆಯ ಹಣವೇ ಆಗಿದ್ದರೆ ರಸೀದಿ ಹರಿದು ಆ ತಿಂಗಳ ಲೆಕ್ಕಕ್ಕೆ ಸೇರಿಸಿ.